ಹರಳಿನಿಂದ ಗಾಜಿಗೆ: ಬೆಳಗುವ ಸಾವಯವ ಪದರಗಳ ಇತಿಹಾಸ

ಒಎಲ್‌ಇಡಿ ಪರದೆಯ ಮೊಬೈಲ್‌ಗಳಲ್ಲಿ ಬೆಳಕು ಹೊಮ್ಮುವುದು ಇಂಗಾಲದ ಸಂಯುಕ್ತಗಳ ಒಂದು ಬಗೆಯ ಗಾಜಿನಿಂದ. ಕಿಟಕಿಯ ಗಾಜಿನಂತೆ ಇದು ಮರಳಿನಿಂದ ಆದದ್ದಲ್ಲ. ಅಣುಗಳು ಸಾಲುಗೂಡುವ ಮೊದಲೇ ಅಡ್ಡಾದಿಡ್ಡಿಯಾಗಿ ನಿಂತು ಗಟ್ಟಿಯಾದ ಘನವಸ್ತು ಇದು. ಕಲ್ಲುಸಕ್ಕರೆ ಹರಳಾದರೆ, ಅದೇ ಸಕ್ಕರೆಯ ಪಾಕ ಬೇಗ ಆರಿದಾಗ ಸಿಗುವ ಪಾರದರ್ಶಕ ಪೆಪ್ಪರಮೆಂಟು ಗಾಜು.

ಮೊದಮೊದಲು ಸಂಶೋಧಕರು ಹಿಡಿದದ್ದು ಹರಳಿನ ದಾರಿ. 1963ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಾರ್ಟಿನ್ ಪೋಪ್ ಮತ್ತು ಸಂಗಡಿಗರು ಆಂಥ್ರಸೀನ್ ಹರಳಿಗೆ ವಿದ್ಯುತ್ ಹಾಯಿಸಿ ಬೆಳಕು ಕಂಡರು. ಅದಕ್ಕೆ ಸುಮಾರು 400 ವೋಲ್ಟ್ ಬೇಕಾಯಿತು. ಎರಡು ವರ್ಷದ ನಂತರ ಕೆನಡಾದಲ್ಲಿ ಹೆಲ್ಫ್ರಿಶ್ ಮತ್ತು ಶ್ನೈಡರ್, ಹರಳಿನ ಎರಡು ಬದಿಗಳಿಂದ ಹೊರಟ ಋಣ ಮತ್ತು ಧನ ವಿದ್ಯುದಂಶಗಳು ಒಳಗೆ ಸೇರಿ ಬೆಳಕಾಗುವುದನ್ನು ತೋರಿಸಿದರು. ತತ್ವವೇನೋ ಸಿಕ್ಕಿತು, ಮನೆಯಲ್ಲಿ ಬಳಸಬಹುದಾದ ದೀಪ ಮಾತ್ರ ಸಿಗಲಿಲ್ಲ.

ದಾರಿ ತೆರೆದದ್ದು ಅಮೆರಿಕದ ರಾಚೆಸ್ಟರ್‌ನಲ್ಲಿ, ಫೋಟೊ ಫಿಲ್ಮಿಗೆ ಹೆಸರಾದ ಕೊಡಾಕ್ ಕಂಪನಿಯ ಪ್ರಯೋಗಾಲಯದಲ್ಲಿ. ಹಾಂಗ್‌ಕಾಂಗ್ ಮೂಲದ ಚಿಂಗ್ ಟಾಂಗ್ ಅಲ್ಲಿ ಸಾವಯವ ಸೌರಕೋಶಗಳ ಮೇಲೆ ಕೆಲಸ ಮಾಡುತ್ತಿದ್ದರು. ಬೆಳಕಿನಿಂದ ವಿದ್ಯುತ್ ಪಡೆಯಲು ಎರಡು ಪದರ ಜೋಡಿಸಿದ ಅವರೇ, ಸ್ಟೀವನ್ ವ್ಯಾನ್ ಸ್ಲೈಕ್ ಜೊತೆ ಸೇರಿ ವಿದ್ಯುತ್ತಿನಿಂದ ಬೆಳಕು ಪಡೆಯಲೂ ಎರಡು ಪದರಗಳನ್ನೇ ನೆಚ್ಚಿದರು. ನಿರ್ವಾತದಲ್ಲಿ ಆವಿಯಾಗಿಸಿ ಗಾಜಿನ ಫಲಕದ ಮೇಲೆ ಕೂರಿಸಿದ ಒಂದು ಡೈಅಮೈನ್ ಪದರ, ಅದರ ಮೇಲೆ ಅಲ್ಯೂಮಿನಿಯಂ ಸಂಯುಕ್ತದ ಇನ್ನೊಂದು ಪದರ. ಎರಡೂ ಸೇರಿದರೂ ದಪ್ಪ ಒಂದು ಮೈಕ್ರಾನಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. 1987ರಲ್ಲಿ ಅವರು ಪ್ರಕಟಿಸಿದ ಈ ಸಾಧನ 10 ವೋಲ್ಟ್‌ಗಿಂತ ಕಡಿಮೆಯಲ್ಲೇ ಹಸಿರಾಗಿ ಬೆಳಗಿತು. ಇಷ್ಟು ತೆಳುವಾದ ಪದರದಲ್ಲಿ ಹರಳಿನ ಕಣಗಳಿದ್ದರೆ ಅವುಗಳ ಸಂದುಗಳಲ್ಲಿ ವಿದ್ಯುತ್ ಸೋರಿ ಸಾಧನ ಕೆಡುತ್ತದೆ. ಸಂದೇ ಇಲ್ಲದ ಗಾಜು ಅಲ್ಲಿ ಗೆದ್ದಿತು.

ಆದರೆ ಇಂಥ ಗಾಜಿಗೆ ಶಾಖ ಆಗದು. ಆ ಕಾಲದಲ್ಲಿ ಹೆಚ್ಚಾಗಿ ಬಳಸುತ್ತಿದ್ದ ಟಿಪಿಡಿ ಎಂಬ ವಸ್ತು 60 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಮೆತ್ತಗಾಗಿ, ಅಣುಗಳು ಅಲುಗಾಡಿ, ಕ್ರಮೇಣ ಹರಳುಗಟ್ಟುತ್ತಿತ್ತು. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟರೆ ಅದು ಬಾಳುವಂತಿರಲಿಲ್ಲ. ಇದನ್ನು ತಪ್ಪಿಸಲು ಒಸಾಕಾದಲ್ಲಿ ಯಸುಹಿಕೊ ಶಿರೋಟಾ, ಸುಲಭವಾಗಿ ಒತ್ತೊತ್ತಾಗಿ ಕೂರಲಾರದ ಕವಲು ಕವಲಾದ ಅಣುಗಳನ್ನು ರೂಪಿಸಿದರು. ಕೊಡಾಕ್‌ನವರು ಸುಮಾರು 95 ಡಿಗ್ರಿಯವರೆಗೆ ತಡೆಯುವ ಎನ್‌ಪಿಬಿ ಎಂಬ ವಸ್ತುವಿಗೆ ಹೊರಳಿದರು. ಬೆಳಕಿನ ಕಥೆಯಲ್ಲಿ ರಸಾಯನಶಾಸ್ತ್ರದ ಈ ತಾಳ್ಮೆಯ ಕೆಲಸಕ್ಕೆ ಸಿಕ್ಕ ಮನ್ನಣೆ ಕಡಿಮೆಯೇ.

1997ರಲ್ಲಿ ಜಪಾನಿನ ಪಯೋನಿಯರ್ ಕಂಪನಿ ಇಂಥ ಪರದೆಯನ್ನು ಮೊದಲು ಮಾರುಕಟ್ಟೆಗೆ ತಂದದ್ದು ಕಾರಿನ ಸ್ಟೀರಿಯೋದಲ್ಲೇ. 2007ರಲ್ಲಿ ಸೋನಿಯ 11 ಅಂಗುಲದ ಟಿವಿ ಬಂತು. ಕೊಡಾಕ್ ಮಾತ್ರ 2009ರಲ್ಲಿ ತನ್ನ ಈ ವ್ಯವಹಾರವನ್ನು ಕೊರಿಯದ ಎಲ್‌ಜಿ ಸಮೂಹಕ್ಕೆ ಮಾರಿತು. 2013ರಲ್ಲಿ ಅದೇ ಎಲ್‌ಜಿ 55 ಅಂಗುಲದ ಟಿವಿ ಮಾರಾಟಕ್ಕೆ ಇಟ್ಟಿತು.