ಹಡಗಿನ ತಳಶುದ್ಧಿಯೂ ಎರಡನೆಯ ಮೈಸೂರು ಯುದ್ಧವೂ

ಎರಡನೆಯ ಆಂಗ್ಲೋ-ಮೈಸೂರು ಯುದ್ಧದ (1780-84) ಚರಿತ್ರೆಯಲ್ಲಿ ಭೂಸೈನ್ಯಗಳ ಚಲನವಲನಕ್ಕೇ ಸಾಮಾನ್ಯವಾಗಿ ಪ್ರಾಶಸ್ತ್ಯ ದೊರೆತಿದೆ. ಬಂಗಾಳ ಕೊಲ್ಲಿಯ ಕಾಳಗಗಳ ಪ್ರಸ್ತಾಪ ಬಂದಾಗಲೂ ಎಣಿಕೆಗೆ ಸಿಕ್ಕುವುವು ಹಡಗುಗಳು ಮತ್ತು ಫಿರಂಗಿಗಳು ಮಾತ್ರ. ಆ ಹಡಗುಗಳ ತಳವು ಎಷ್ಟು ಶುಚಿಯಾಗಿದ್ದಿತೆಂಬ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ಆ ಯುದ್ಧದ ಒಂದೆರಡು ಮುಖ್ಯ ಘಟನೆಗಳು ಈ ಪ್ರಶ್ನೆಯನ್ನು ಬಿಟ್ಟರೆ ಅರ್ಥವಾಗಲಾರವು.

ಬೆಚ್ಚಗಿನ ಸಮುದ್ರದಲ್ಲಿ ಕೆಲವು ತಿಂಗಳು ತೇಲಿದ ಮರದ ಹಡಗಿನ ತಳಕ್ಕೆ ಪಾಚಿಯೂ ಚಿಪ್ಪಿನ ಜೀವಿಗಳೂ ದಟ್ಟವಾಗಿ ಅಂಟಿಕೊಳ್ಳುತ್ತವೆ. ಅದರಿಂದ ವೇಗ ಕುಗ್ಗುತ್ತದೆ. ಇದಕ್ಕಿಂತ ಘೋರವಾದುದು ಮರವನ್ನು ಒಳಗಿನಿಂದ ಕೊರೆಯುವ ಹಡಗುಹುಳುವಿನ ಬಾಧೆ. ಇವುಗಳ ನಿವಾರಣೆಗಾಗಿ ಫಿರಂಗಿಗಳನ್ನೂ ಸರಕನ್ನೂ ಇಳಿಸಿ, ಹಗ್ಗಗಳಿಂದ ಜಗ್ಗಿ ಹಡಗನ್ನು ಒಂದು ಮಗ್ಗುಲಿಗೆ ಮಲಗಿಸುತ್ತಿದ್ದರು. ಒಣಗಿದ ಪೊದೆಗಳ ಉರಿಯನ್ನು ತಳಕ್ಕೆ ಹಿಡಿದು ಕೊಳೆಯನ್ನು ಸುಟ್ಟು, ಹೆರೆದು, ಹಲಗೆಗಳ ಸಂದುಗಳಲ್ಲಿ ನಾರು ತುಂಬಿ ರಾಳವನ್ನು ಮೆತ್ತಿದ ಮೇಲೆ, ಕೊಬ್ಬು, ಗಂಧಕ, ರಾಳಗಳ ಮಿಶ್ರಣವನ್ನು ಬಳಿಯುತ್ತಿದ್ದರು. ಹಿಂದೂ ಮಹಾಸಾಗರದ ದೋಣಿಕಾರರು ಇದೇ ಉದ್ದೇಶಕ್ಕೆ ಸುಣ್ಣವನ್ನು ಎಣ್ಣೆಯೊಡನೆಯೋ ಕೊಬ್ಬಿನೊಡನೆಯೋ ಕಲಸಿ ಬಳಿಯುವುದನ್ನು ಬಹುಕಾಲದಿಂದ ಬಲ್ಲವರಾಗಿದ್ದರು. ಯಾವ ಲೇಪವಾದರೂ ಬಹಳ ಕಾಲ ನಿಲ್ಲುತ್ತಿರಲಿಲ್ಲ. ಈ ಶ್ರಮವನ್ನು ಮತ್ತೆ ಮತ್ತೆ ಪಡಲೇಬೇಕಾಗಿದ್ದಿತು.

ಬ್ರಿಟಿಷ್ ನೌಕಾಪಡೆಯು 1761ರಲ್ಲಿ ‘ಅಲಾರಂ’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡನ್ನು ಹೊದಿಸಿ ಪರೀಕ್ಷಿಸಿತು. ತಾಮ್ರವು ಕಡಲನೀರಿನಲ್ಲಿ ಅಲ್ಪಸ್ವಲ್ಪವಾಗಿ ಕರಗುತ್ತ ಜೀವಿಗಳಿಗೆ ವಿಷವಾಗುವುದರಿಂದ ತಳವು ಶುಚಿಯಾಗಿಯೇ ಉಳಿಯಿತು. ಆದರೆ ತಾಮ್ರದ ಸಂಪರ್ಕದಿಂದ ಹಡಗಿನ ಕಬ್ಬಿಣದ ಮೊಳೆಗಳು ಸವೆದುಹೋದುವು. ಈ ದೋಷ ತಿಳಿದಿದ್ದರೂ, ಫ್ರಾನ್ಸಿನೊಡನೆ ಯುದ್ಧವು ತೀವ್ರಗೊಂಡ 1779ರಿಂದ ಮುಂದಕ್ಕೆ, ನೌಕಾಮಂಡಲಿಯ ಚಾರ್ಲ್ಸ್ ಮಿಡಲ್ಟನ್ನನ ಒತ್ತಾಯದಿಂದ ಇಡೀ ಪಡೆಗೆ ತಾಮ್ರ ಹೊದಿಸುವ ಕಾರ್ಯ ನಡೆಯಿತು.

ಇದರ ಫಲವು ನಮ್ಮ ಕರಾವಳಿಗೂ ತಲಪಿತು. 1782ರ ಫೆಬ್ರವರಿಯಲ್ಲಿ ಫ್ರೆಂಚ್ ನೌಕಾಧಿಪತಿ ಸಫ್ರೆನ್ನನು ಹೈದರಾಲಿಗೆ ನೆರವಾಗಲು ಕೋರಮಂಡಲ ತೀರಕ್ಕೆ ಬಂದನು. ಆಗ ಎಡ್ವರ್ಡ್ ಹ್ಯೂಸನ ಪಡೆಯಲ್ಲಿದ್ದ ತಾಮ್ರತಳದ ಹಡಗುಗಳು ಫ್ರೆಂಚರ ಬೆಂಗಾವಲಿನ ನೌಕೆಗಳನ್ನು ಬೆನ್ನಟ್ಟಿ ಆರನ್ನು ಹಿಡಿದುವು. ಅವುಗಳಲ್ಲೊಂದಾದ ‘ಲಾರಿಸ್ಟನ್’ ನೌಕೆಯಲ್ಲಿ ಫ್ರೆಂಚ್ ಸೈನಿಕರೂ ಹೈದರನಿಗೆ ಸಲ್ಲಬೇಕಾಗಿದ್ದ ಯುದ್ಧಸಾಮಗ್ರಿಯೂ ಇದ್ದುವು. ಮೈಸೂರಿನ ಪಾಳೆಯವನ್ನು ಸೇರಬೇಕಾಗಿದ್ದ ನೆರವು ಶತ್ರುಗಳ ಕೈಸೇರಿತು.

ಆದರೆ ತಾಮ್ರದ ಹೊದಿಕೆಯಿದ್ದರೂ ದುರಸ್ತಿಯ ಅಗತ್ಯ ತಪ್ಪಲಿಲ್ಲ. ಆ ವರ್ಷದ ನಾಲ್ಕು ಕಾಳಗಗಳಲ್ಲಿ ಹ್ಯೂಸನ ಹಡಗುಗಳು ಜರ್ಜರಿತವಾದುವು. ಮದರಾಸಿನಲ್ಲಿ ಸುರಕ್ಷಿತವಾದ ಬಂದರಿರಲಿಲ್ಲ. ಟ್ರಿಂಕೋಮಲಿಯು ಆಗಸ್ಟ್ ಕೊನೆಗೆ ಸಫ್ರೆನ್ನನ ವಶವಾಗಿದ್ದಿತು. ಈಶಾನ್ಯ ಮಾರುತವು ಸಮೀಪಿಸಿದ್ದಿತು. ನೀರನ್ನು ಹೊರಬಿಟ್ಟು ಹಡಗನ್ನು ಒಣನೆಲದ ಮೇಲೆ ನಿಲ್ಲಿಸಬಲ್ಲ ಡ್ರೈ ಡಾಕ್ ಇದ್ದುದು ದೂರದ ಮುಂಬಯಿಯಲ್ಲಿ. ಅಲ್ಲಿ ಮೊದಲನೆಯ ಡಾಕ್ 1750ರಲ್ಲಿಯೇ ಸಿದ್ಧವಾಗಿದ್ದಿತು. ಸೂರತ್ತಿನಿಂದ ಬಂದ ಲವಜಿ ನಸರವಾನಜಿ ವಾಡಿಯಾನ ಮನೆತನದವರು ಅಲ್ಲಿನ ಮುಖ್ಯ ಶಿಲ್ಪಿಗಳಾಗಿದ್ದರು. 1782ರ ಅಕ್ಟೋಬರಿನಲ್ಲಿ ಮದರಾಸನ್ನು ಬಿಟ್ಟ ಹ್ಯೂಸನು ಹಿಂದಿರುಗಿದ್ದು 1783ರ ಏಪ್ರಿಲಿನಲ್ಲಿ. ಈ ಆರು ತಿಂಗಳ ಅವಧಿಯಲ್ಲಿ ಹೈದರನು ಮಡಿದನು (7 ಡಿಸೆಂಬರ್ 1782). ಸುಮಾತ್ರದ ಅಚಿನ್ನಿನಲ್ಲಿ ಹಡಗುಗಳನ್ನು ಹೇಗೋ ಸರಿಪಡಿಸಿಕೊಂಡ ಸಫ್ರೆನ್ನನು ಬೇಗನೆ ಮರಳಿದನು. ಮಾರ್ಚಿಯಲ್ಲಿ ಬುಸ್ಸಿಯ ಸೈನ್ಯವು ಕೋರಮಂಡಲ ತೀರದಲ್ಲಿ ನಿರಾತಂಕವಾಗಿ ಇಳಿಯಿತು.

ಹೀಗೆ ಮುಂಬಯಿಯ ಡಾಕ್ ಆಂಗ್ಲರಿಗೆ ಬಲವೂ ಆಗಿದ್ದಿತು, ಬಂಧನವೂ ಆಗಿದ್ದಿತು. ಅದಿಲ್ಲದಿದ್ದರೆ ಅವರ ಪಡೆ ಬಹುಕಾಲ ಬಾಳುತ್ತಿರಲಿಲ್ಲ. ಅದು ದೂರವಿದ್ದುದರಿಂದ ಪೂರ್ವತೀರವನ್ನು ಅರ್ಧ ವರ್ಷ ಬರಿದು ಮಾಡಬೇಕಾಯಿತು. ಮಾರುತವೂ ಕಾಳಗದ ಹಾನಿಯೂ ಇದಕ್ಕೆ ಕಾರಣಗಳೆಂಬುದು ನಿಜ. ಆದರೂ ಹಡಗನ್ನು ಎಲ್ಲಿ, ಯಾರು, ಎಷ್ಟು ದಿನಗಳಲ್ಲಿ ಮತ್ತೆ ನೀರಿಗಿಳಿಸಬಲ್ಲರೆಂಬುದು ಸೇನಾನಿಗಳ ಶೌರ್ಯದಷ್ಟೇ ನಿರ್ಣಾಯಕವಾಗಿದ್ದಿತು. ಸುಣ್ಣ ಬಳಿದವರ, ಹಲಗೆ ಹೆರೆದವರ ಹೆಸರುಗಳು ಬಹುಮಟ್ಟಿಗೆ ಅಳಿದಿವೆ. ಅವರ ದುಡಿಮೆಯನ್ನು ಗಣನೆಗೆ ತಂದುಕೊಳ್ಳದ ಯುದ್ಧಚರಿತ್ರೆ ಅಪೂರ್ಣವೆನ್ನಬೇಕು.