ದ್ವೀಪಕ್ಕೆ ಮರಿಯಮ್ಮನವರ ಹೆಸರು ಬಂದದ್ದು ಹೇಗೆ?

ನಮ್ಮ ಅಗಳಿ, ಮಡಕಶಿರಾ ಕಡೆಯವರಿಗೆ ಕಲ್ಲುಗುಡ್ಡ ಹೊಸದಲ್ಲ, ಸಮುದ್ರ ಹೊಸದು. ಮಲ್ಪೆಯಲ್ಲಿ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪದಲ್ಲಿ ಇಳಿದರೆ ಎರಡೂ ಒಟ್ಟಿಗೆ ಕಾಣುತ್ತವೆ. ಕಲ್ಲುಕುಟಿಗರು ಕಡೆದು ಜೋಡಿಸಿದಂತೆ ಐದು ಮೂಲೆ, ಆರು ಮೂಲೆಯ ಕಂಬಗಳು! ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಮತ್ತು ಭಾರತ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣ್ಣಗಾಗಿ ಬಿರಿದು ಆದ ಆಕಾರವಿದು. 1979ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದರು. ಅಲ್ಲಿ ಊರಿಲ್ಲ, ಮನೆಯಿಲ್ಲ. ಡೇರೆ ಹಾಕಿ ರಾತ್ರಿ ಕಳೆಯುವ ಆಸೆ ಬೇಡ, ತಂಗಲು ಬಿಡುವುದಿಲ್ಲ. ಮಳೆಗಾಲದಲ್ಲಂತೂ ದೋಣಿಯೇ ಹೋಗುವುದಿಲ್ಲ.

ಹೆಸರಿನ ಕಥೆಗೆ ಬರೋಣ. ವಾಸ್ಕೋ ಡ ಗಾಮ ಕೇರಳಕ್ಕೆ ಹೋಗುವ ಮೊದಲು ಇಲ್ಲಿ ಇಳಿದು ಶಿಲುಬೆ ನೆಟ್ಟ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅವನ ಜೊತೆಗಿದ್ದವನೊಬ್ಬ ಬರೆದಿಟ್ಟ ದಿನಚರಿ ಬೇರೆಯೇ ಹೇಳುತ್ತದೆ. ಕಂಬ ನೆಟ್ಟದ್ದು ಕಲ್ಲಿಕೋಟೆಯಿಂದ ಹಿಂದಿರುಗುವಾಗ, 1498ರ ಸೆಪ್ಟೆಂಬರ್‌ನಲ್ಲಿ. ದಡದಿಂದ ತುಸು ದೂರದ ಒಂದು ಪುಟ್ಟ ದ್ವೀಪದಲ್ಲಿ. ಅದು ಈ ದ್ವೀಪಗಳಲ್ಲೇ ಒಂದು ಎಂಬುದು ಬಹುಕಾಲದ ನಂಬಿಕೆ.

ಸೆಪ್ಟೆಂಬರ್ 8 ನಮಗೆ ಮಾತೆ ಮರಿಯಮ್ಮನವರ ಜನನದ ಹಬ್ಬ. ಹಬ್ಬದ ನೆನಪಿಗೇ ಹೆಸರಿಟ್ಟಿರಬೇಕು ಎಂದು ನಮಗೆ ತೋಚುವುದು ಸಹಜ. ಆದರೆ ಹೆಸರು ಬಂದದ್ದು ಪೋರ್ಚುಗಲ್ಲಿನ ಅರಸು ಮನುಯೆಲ್‌ನ ಅಪ್ಪಣೆಯಿಂದ. ಸಂತ ರಫಾಯೇಲ್, ಸಂತ ಗಬ್ರಿಯೇಲ್, ಸಂತ ಮರಿಯಾ ಎಂಬ ಹೆಸರುಗಳಲ್ಲಿ ಮೂರು ಕಂಬ ನೆಡಬೇಕೆಂದು ಅವನು ಹೇಳಿ ಕಳುಹಿಸಿದ್ದ. ಮೊದಲನೆಯದು ಆಫ್ರಿಕಾದಲ್ಲಿ, ಎರಡನೆಯದು ಕಲ್ಲಿಕೋಟೆಯಲ್ಲಿ ಆಯಿತು. ಉಳಿದದ್ದು ಮರಿಯಾ. ಇಂಥ ಕಂಬಗಳ ಮೇಲೆ ಶಿಲುಬೆಯ ಜೊತೆಗೆ ಅರಸನ ಲಾಂಛನವೂ ಇರುತ್ತಿತ್ತು. ಪ್ರಾರ್ಥನೆ ಇರಲಿಲ್ಲ ಎನ್ನುವುದಿಲ್ಲ, ಹಕ್ಕುಸ್ಥಾಪನೆಯಂತೂ ಇತ್ತು.

ದೋಣಿಗಳಲ್ಲಿ ಮೀನು ತಂದ ಜನರಿಗೆ ಗಾಮ ಅಂಗಿಗಳನ್ನು ಕೊಟ್ಟು, ಇಲ್ಲಿ ಕಂಬ ನೆಟ್ಟರೆ ನಿಮಗೆ ಸಂತೋಷವೇ ಎಂದು ಕೇಳಿದನಂತೆ. ಬಹಳ ಸಂತೋಷ, ನೀವೂ ನಮ್ಮಂತೆ ಕ್ರೈಸ್ತರೆಂದು ಅದರಿಂದ ಖಚಿತವಾಗುತ್ತದೆ ಎಂದರಂತೆ ಅವರು. ಮೀನುಗಾರರು ನಿಜವಾಗಿ ಏನು ಹೇಳಿದರೋ! ಪೋರ್ಚುಗೀಸರು ಕಲ್ಲಿಕೋಟೆಯ ದೇವಾಲಯವೊಂದನ್ನೂ ಚರ್ಚ್ ಎಂದೇ ಭಾವಿಸಿ ಪ್ರಾರ್ಥಿಸಿದ್ದರು.

ದಿನಚರಿಯಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಸಂಗತಿ ಇನ್ನೊಂದಿದೆ. ಕಲ್ಲಿಕೋಟೆಯಲ್ಲಿ ಒತ್ತೆಯಾಗಿ ಹಿಡಿದವರಲ್ಲಿ ಕೆಲವರನ್ನು ಗಾಮ ಬಿಡದೆ ಹಡಗಿನಲ್ಲೇ ಒಯ್ಯುತ್ತಿದ್ದ. ಮರಿಯಮ್ಮನವರ ಹೆಸರಿನ ಕಂಬ ದಡಕ್ಕಿಳಿದದ್ದು ಸೆರೆಯಾಳುಗಳಿದ್ದ ಆ ಹಡಗುಗಳಿಂದ. ಜಪಸರ ಹಿಡಿದು ದ್ವೀಪ ನೋಡಲು ಹೋಗುವ ನಾವು ಇದನ್ನೂ ತಿಳಿದಿರಬೇಕು.

ಆ ಕಂಬ ಈಗ ಅಲ್ಲಿಲ್ಲ. ಗಾಮನೂ ಅಲ್ಲಿ ಬಿಡಾರ ಹೂಡಲಿಲ್ಲ. ಉತ್ತರಕ್ಕೆ ಸಾಗಿ ಕಾರವಾರದ ಬಳಿಯ ಅಂಜದೀವ್ ದ್ವೀಪದಲ್ಲಿ ತಂಗಿದ. ಅಲ್ಲಿ ಸಿಹಿನೀರು ಸಿಕ್ಕಿತು, ಹಡಗುಗಳ ತಳ ಕೆರೆದು ಸರಿಪಡಿಸಿಕೊಂಡರು. ಇಂದು ಅಂಜದೀವ್ ನೌಕಾಪಡೆಯ ವಶದಲ್ಲಿದೆ.