ಮಾಡೆಲ್-ವ್ಯೂ-ಕಂಟ್ರೋಲರ್
ತಂತ್ರಾಂಶವನ್ನು ಮೂರು ಪಾಲಾಗಿ ವಿಂಗಡಿಸಿ ಕಟ್ಟುವ ವಿನ್ಯಾಸ, ರೂಢಿಯಲ್ಲಿ ಎಂವಿಸಿ. ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ 1979ರಲ್ಲಿ, ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದಾಗ ಇದನ್ನು ರೂಪಿಸಿದರು. ದತ್ತಾಂಶವೂ ಅದರ ನಿಯಮಗಳೂ ಮಾಡೆಲ್‌ನಲ್ಲಿರುತ್ತವೆ. ವ್ಯೂ ಅದನ್ನು ತೆರೆಯ ಮೇಲೆ ತೋರಿಸುತ್ತದೆ. ಕೀಬೋರ್ಡ್, ಮೌಸ್‌ಗಳಿಂದ ಬಂದದ್ದನ್ನು ಕಂಟ್ರೋಲರ್ ನಿಭಾಯಿಸುತ್ತದೆ. ತನ್ನನ್ನು ಯಾವ ವ್ಯೂ ತೋರಿಸುತ್ತಿದೆ ಎಂಬ ಗೊಡವೆ ಮಾಡೆಲ್‌ಗೆ ಇರಕೂಡದು ಎಂಬುದೇ ಇಲ್ಲಿನ ಜೀವಾಳ. ಗ್ರಂಥಾಲಯದ ತಂತ್ರಾಂಶದಲ್ಲಿ ಪುಸ್ತಕವೊಂದು ಎರವಲು ಹೋದರೆ, ಬದಲಾವಣೆ ಆಗಿದೆ ಎಂದಷ್ಟೇ ಮಾಡೆಲ್ ಸಾರುತ್ತದೆ. ತೆರೆಯ ಮೇಲಿನ ಪಟ್ಟಿ, ನಕ್ಷೆಗಳು ತಾವೇ ಹೊಸ ಲೆಕ್ಕಕ್ಕೆ ಹೊಂದಿಕೊಳ್ಳುತ್ತವೆ. ರೂಬಿ ಆನ್ ರೇಲ್ಸ್‌ನಂಥ ವೆಬ್ ಚೌಕಟ್ಟುಗಳು ಈ ಹೆಸರನ್ನು ಮನೆಮಾತಾಗಿಸಿದವು. ಅಲ್ಲಿ ಕಂಟ್ರೋಲರ್ ಬ್ರೌಸರ್‌ನ ಕೋರಿಕೆಗೆ ಉತ್ತರ ಹೊಂದಿಸುವ ಮಧ್ಯವರ್ತಿ. ಹೀಗಾಗಿ ವೆಬ್‌ನಲ್ಲಿ ಮೂಲದ ಕಟ್ಟು ಸಾಕಷ್ಟು ಸಡಿಲಗೊಂಡಿದೆ. ಒಂದೇ ಪರದೆಯ ಪುಟ್ಟ ತಂತ್ರಾಂಶಕ್ಕೆ ಇಷ್ಟೆಲ್ಲ ವಿಂಗಡಣೆ ಹೊರೆಯೇ ಸರಿ.